ಟೋಕಿಯೊದಿಂದ ನೌಬಾದಕ್ಕೆ, ವಯಾ ಮುಂಬೈ

ನಮ್ಮ ಮೌಶಿಗೆ ಪಾಸ್‌ಪೋರ್ಟ್ ಇಲ್ಲ. ವಿಮಾನ ಹತ್ತುವುದಿರಲಿ, ಬೀದರಿನ ವಿಮಾನ ನಿಲ್ದಾಣದ ಗೇಟನ್ನೂ ಆಕೆ ಆಟೋದಲ್ಲಿ ಕೂತು ದೂರದಿಂದಲೇ ನೋಡಿದವಳು. ಆದರೂ ಜಪಾನಿನಲ್ಲಿ ಇಬ್ಬರು, ಜರ್ಮನಿಯಲ್ಲಿ ಒಬ್ಬ, ಹಾಂಗ್‌ಕಾಂಗಿನಲ್ಲಿ ಒಬ್ಬ, ಹೀಗೆ ನಾಲ್ವರು ಪರದೇಶದ ಅಂಗಡಿಕಾರರಿಗೆ ಆಕೆಯ ಮನೆಯ ಗೇಟು ನೀಲಿ ಬಣ್ಣದ್ದೆಂದೂ, ಅದು ಹಿಟ್ಟಿನ ಗಿರಣಿಯ ಹಿಂದಿದೆಯೆಂದೂ, ಮನೆಯ ನಾಯಿ ಕಚ್ಚುವುದಿಲ್ಲವೆಂದೂ ಚೆನ್ನಾಗಿ ಗೊತ್ತು. ನಿಮ್ಮ ಮನೆಯ ನಾಯಿಯ ಸ್ವಭಾವ ಟೋಕಿಯೊದಲ್ಲಿ ಯಾರಿಗಾದರೂ ಗೊತ್ತಿದೆಯೇ?

ಇದರಲ್ಲಿ ನನ್ನ ಪಾಲೂ ಇದೆ ಅನ್ನಿ. ಆನ್‌ಲೈನ್ ಅಂಗಡಿಯ ಫಾರ್ಮಿನಲ್ಲಿ ವಿಳಾಸಕ್ಕೆ ಮೂರು ಖಾನೆಗಳಿದ್ದವು. ಗೇಟು ಒಂದಕ್ಕೆ ಹೋಯಿತು, ಗಿರಣಿ ಇನ್ನೊಂದಕ್ಕೆ. ಸರ್ಕಾರಿ ನೌಕರಿ ಮಾಡಿದ ಮೌಶಿಗೆ ಯಾವ ಫಾರ್ಮಿನಲ್ಲೂ ಖಾನೆ ಖಾಲಿ ಬಿಟ್ಟು ಗೊತ್ತಿಲ್ಲ. ಮೂರನೆಯದರಲ್ಲಿ ನಾಯಿಯ ವಿಷಯ ಹಾಕು ಅಂದಳು, ಹಾಕಿದೆ.

ಮೌಶಿ ಎಂದರೆ ನಮ್ಮ ಕಡೆ ತಾಯಿಯ ತಂಗಿ. ನನ್ನ ತಾಯಿ ಮೆಹಕರದಲ್ಲಿ ಹೊಲ ನೋಡಿಕೊಂಡು ಉಳಿದರು, ಮೌಶಿ ಓದಿ ನರ್ಸ್ ಆದಳು. ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಔರಾದ ತಾಲೂಕಿನ ಹಳ್ಳಿಗಳನ್ನು ವರ್ಷಗಟ್ಟಲೆ ಸುತ್ತಿದಳು. ನಿವೃತ್ತಿಯಾಗಿ ಬೀದರಿನ ಪಕ್ಕದ ನೌಬಾದದ ಮನೆಗೆ ಬಂದಾಗ ಹೆಗಲು ಖಾಲಿಯಾಗಿತ್ತು. ಜೊತೆಯಲ್ಲಿ ನಿವೃತ್ತರಾದವರು ಬಳೆ ಮಾಡಿಸಿಕೊಂಡರು, ಮೊಮ್ಮಕ್ಕಳಿಗೆ ಸೈಕಲ್ ಕೊಡಿಸಿದರು. ಮೌಶಿ ಮಾತ್ರ, ಬೀದರಿನಲ್ಲಿ ಸ್ಟುಡಿಯೋ ಮುಚ್ಚುತ್ತಿದ್ದ ಒಬ್ಬರ ಹತ್ತಿರ ಹಳೆಯದೊಂದು ಡಿಜಿಟಲ್ ಕ್ಯಾಮೆರಾ ಕೊಂಡು ಆ ಖಾಲಿ ಹೆಗಲಿಗೆ ಹಾಕಿಕೊಂಡಳು.

ಮೊದಲ ವಾರ ಪಡಸಾಲೆಯಲ್ಲಿದ್ದ ಬುದ್ಧರ ಮೂರ್ತಿಯನ್ನೇ ತೆಗೆದಳು. ಕಣ್ಣು ಮಿಟುಕಿಸದೆ, ಇನ್ನೂ ಎಷ್ಟು ಹೊತ್ತು ಎಂದು ಕೇಳದೆ ಕೂರುವವರು ಆ ಮನೆಯಲ್ಲಿ ಅವರೊಬ್ಬರೇ. ಎರಡನೆಯ ವಾರ ಕಾಕಾ ಸಿಕ್ಕಿಬಿದ್ದರು. ಕಾಕಾ ಎಂದರೆ ಮೌಶಿಯ ಗಂಡ, ಸರ್ಕಾರಿ ಬಸ್ಸಿನ ನಿವೃತ್ತ ಕಂಡಕ್ಟರ್. ಜನ್ಮವೆಲ್ಲ ನಿಂತೇ ಕೆಲಸ ಮಾಡಿದವರಾದ್ದರಿಂದ ಒಂದು ಕಡೆ ಕೂರುವುದು ಅವರಿಂದಾಗದು. ಆಕೆ ಬಟನ್ ಒತ್ತುವ ಹೊತ್ತಿಗೆ ಅವರು ಮುಂದಿನ ಸ್ಟಾಪಿನಲ್ಲಿ ಇರುತ್ತಿದ್ದರು.

ಈ ಹುಚ್ಚು ಅಷ್ಟಕ್ಕೇ ನಿಲ್ಲಬಹುದಿತ್ತು. ಅದು ಸಮುದ್ರ ದಾಟಿದ್ದು ಕಾಶೆಮ್ಮನಿಂದ.

ಕಾಶೆಮ್ಮ ಠಾಣಾ ಕುಶನೂರಿನವಳು, ಕುರಿ ಸಾಕುವ ಮನೆತನದ ಮುದುಕಿ. ಮೌಶಿ ಲಸಿಕೆಗೆ ಹೋಗುತ್ತಿದ್ದ ಕಾಲದಲ್ಲಿ ಸೂಜಿಗೆ ಹೆದರಿ ತೊಗರಿ ಹೊಲದಲ್ಲಿ ಅಡಗುತ್ತಿದ್ದ ಮಕ್ಕಳನ್ನು ಹಿಡಿದು ತಂದು, ಕುರಿ ಎಣಿಸಿದಂತೆ ಎಣಿಸಿ, ಆಕೆಯ ಮುಂದೆ ನಿಲ್ಲಿಸುತ್ತಿದ್ದವಳು. ಬಸ್ಸು ತಪ್ಪಿದ ದಿನಗಳಲ್ಲಿ ಮೌಶಿಗೆ ರೊಟ್ಟಿ ಬಡಿದು ಹಾಕಿದವಳು. ನಿವೃತ್ತಿಯ ನಂತರ ಮೌಶಿ ಒಮ್ಮೆ ಮಾತನಾಡಿಸಿಕೊಂಡು ಬರಲು ಹೋದಾಗ ಕಾಶೆಮ್ಮ ಒಳಗಿನಿಂದ ತನ್ನ ಆಧಾರ್ ಕಾರ್ಡು ತಂದು ಮುಂದೆ ಹಿಡಿದಳು.

"ನರ್ಸಬಾಯಿ, ಈಕಿ ಯಾರ ಅದಾಳರಿ? ಪೊಲೀಸರು ಹಿಡದ ಕಳ್ಳಿ ಇದ್ದಂಗ ಅದಾಳ."

ಕಾಶೆಮ್ಮನ ಫೋಟೊ ಎಂದು ಜಗತ್ತಿನಲ್ಲಿ ಇದ್ದದ್ದು ಅದೊಂದೇ. ಆಕೆಯ ಮದುವೆಯಲ್ಲಿ ಫೋಟೊ ತೆಗೆಯುವವರು ಇರಲಿಲ್ಲ. ಮಕ್ಕಳ ಮದುವೆಯಲ್ಲಿ ಇದ್ದರು, ಆದರೆ ಆ ಹೊತ್ತಿಗೆ ಈಕೆ ಒಲೆಯ ಮುಂದಿದ್ದಳು. ಮೌಶಿ ಅಲ್ಲೇ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದು ತೋರಿಸಿದಳು. ಕಾಶೆಮ್ಮ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು, ಕಳ್ಳಿಯೇನೋ ಹೋದಳು, ಆದರೆ ಇಷ್ಟು ದೊಡ್ಡ ಮೂಗು ಯಾರದು ಎಂದು ಕೇಳಿದಳಂತೆ. ಮೌಶಿಗೆ ಅವಮಾನವಾಯಿತು. ನಿನ್ನ ಮುಖವನ್ನು ನಿನ್ನ ಮುಖದಂತೆಯೇ ತೆಗೆದುಕೊಡುತ್ತೇನೆ ಎಂದು ಮಾತು ಕೊಟ್ಟು ಬಂದಳು.

ಅಲ್ಲಿಂದ ಮೂಗಿನ ಅಧ್ಯಯನ ಶುರುವಾಯಿತು. ಬೆಳ್ಳುಳ್ಳಿ ಬಿಡಿಸುತ್ತ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ, ತಪ್ಪು ಕಾಶೆಮ್ಮನ ಮೂಗಿನದಲ್ಲ, ಹತ್ತಿರ ಹೋಗಿ ತೆಗೆಯುವವರದು ಎಂದು ಮೌಶಿ ಕಂಡುಕೊಂಡಳು. ದೂರ ನಿಂತು, ಉದ್ದನೆಯ ಲೆನ್ಸಿನಲ್ಲಿ ತೆಗೆದರೆ ಮೂಗು ತನ್ನ ಜಾಗದಲ್ಲಿ ತಾನಿರುತ್ತದೆ. ಈ ಸತ್ಯವನ್ನು ಕಾಕಾರ ಮೂಗಿನ ಮೇಲೆ ಪ್ರಯೋಗಿಸಿ ನನಗೂ ತೋರಿಸಿದಳು. ಹತ್ತಿರದಿಂದ ಅದು ಬದನೆಕಾಯಿ, ನಾಲ್ಕು ಮಾರು ದೂರದಿಂದ ಸಾಧಾರಣ ಮೂಗು. ಆದರೆ ದೂರದಿಂದ ತೆಗೆದರೆ ಮುಖ ಚಿಕ್ಕದಾಗಿ, ಕಾಕಾರಿಗಿಂತ ಹಿಂದಿನ ನೀರಿನ ಟಾಕಿಯೇ ಹೆಚ್ಚು ಚೆನ್ನಾಗಿ ಬರುತ್ತಿತ್ತು. ಅದಕ್ಕೇ ಲೆನ್ಸು ಬೇಕು. ಆ ಕ್ಯಾಮೆರಾ ಮಾಡುತ್ತಿದ್ದ ಕಂಪನಿಯೋ ಯಾವತ್ತೋ ಅದನ್ನು ನಿಲ್ಲಿಸಿಬಿಟ್ಟಿತ್ತು. ಹೈದರಾಬಾದಿನ ಅಂಗಡಿಗೆ ಫೋನ್ ಮಾಡಿದರೆ ಆತ ಮಾಡೆಲ್ಲಿನ ಹೆಸರು ಕೇಳಿ ನಕ್ಕು, ಅದೆಲ್ಲ ಈಗ ಹೊರದೇಶದಲ್ಲಿ ಹಳೆಯ ಸಾಮಾನು ಮಾರುವವರ ಹತ್ತಿರ ಮಾತ್ರ ಸಿಗುತ್ತದೆ ಅಂದ. ತಮಾಷೆಗೆ ಅಂದಿರಬೇಕು. ಮೌಶಿ ಅದನ್ನು ವಿಳಾಸವೆಂದು ತಿಳಿದಳು.

ನಾನು ಭಾಲ್ಕಿಯಲ್ಲಿ ಹೈಸ್ಕೂಲ್ ಮಾಸ್ತರ. ವರ್ಷವಿಡೀ ಮಕ್ಕಳ ಸ್ಕಾಲರ್‌ಶಿಪ್ ಫಾರ್ಮುಗಳನ್ನು ಆನ್‌ಲೈನಿನಲ್ಲಿ ತುಂಬುವವನು. ಸರ್ಕಾರದ ವೆಬ್‌ಸೈಟಿನಲ್ಲಿ ಫಾರ್ಮು ತುಂಬಬಲ್ಲವನಿಗೆ ಜಪಾನ್ ಯಾವ ದೊಡ್ಡ ಮಾತು ಎಂಬುದು ಮೌಶಿಯ ವಾದ. ಹೀಗೆ ನನ್ನ ಭಾನುವಾರಗಳು ಭಾಲ್ಕಿ ಬಿಟ್ಟು ನೌಬಾದಕ್ಕೆ ವರ್ಗವಾದವು.

ಮೊದಲ ಆರ್ಡರ್ ಜಪಾನಿನ ಒಂದು ಅಂಗಡಿಗೆ. ಚಿತ್ರದಲ್ಲಿ ಲೆನ್ಸು ಫಳಫಳ ಹೊಳೆಯುತ್ತಿತ್ತು. ಇಷ್ಟು ಅಗ್ಗ ಹೇಗೆ ಎಂದು ನನಗೆ ಅನುಮಾನ ಬಂದಿತ್ತು, ಜಪಾನಿನವರು ಪ್ರಾಮಾಣಿಕರು ಎಂದು ಮೌಶಿ ಬಾಯಿ ಮುಚ್ಚಿಸಿದಳು. ಮೂರು ವಾರಕ್ಕೆ ಪಾರ್ಸಲ್ ಬಂತು. ಅಂಗೈಯಗಲದ ಲಕೋಟೆ. ಒಳಗೆ ಗುಳ್ಳೆ ಪ್ಲಾಸ್ಟಿಕ್ಕು, ಅದರೊಳಗೆ ಕಾಗದ, ಅದರೊಳಗೆ ಇನ್ನೊಂದು ಕಾಗದ, ಅದರೊಳಗೆ ಲೆನ್ಸಿನ ಮುಚ್ಚಳ. ಲೆನ್ಸಲ್ಲ, ಬರೀ ಮುಚ್ಚಳ. ತಿರುಗಿ ನೋಡಿದರೆ ಚಿತ್ರದ ಕೆಳಗೆ ಅದನ್ನೇ ಬರೆದಿದ್ದರು, ನಾವು ಓದಿರಲಿಲ್ಲ. ಕಾಕಾ ಅದನ್ನು ಬೆರಳ ತುದಿಯಲ್ಲಿ ತಿರುಗಿಸುತ್ತ, ಕಡೆಗೂ ಜಪಾನಿನವರು ನಿನಗೆ ಟೋಪಿ ಹಾಕಿದರಲ್ಲ ಎಂದರು. ಮೌಶಿ ಸತ್ಯವಾದಿ.

"ಅವರು ಹಾಕಿಲ್ರಿ. ನಾವೇ ರೊಕ್ಕಾ ಕೊಟ್ಟು ತರಿಸ್ಕೊಂಡೇವಿ."

ಎರಡನೆಯದು ಜರ್ಮನಿಯಿಂದ. ಈ ಸಲ ಒಂದೊಂದು ಅಕ್ಷರ ಓದಿ, ಲೆನ್ಸೇ ಹೌದು ಎಂದು ಖಾತ್ರಿ ಮಾಡಿಕೊಂಡೇ ತರಿಸಿದೆವು. ಲೆನ್ಸೇ ಬಂತು. ಕಬ್ಬಿಣದ ಗುಂಡಿನಂತಿತ್ತು. ಆದರೆ ಕ್ಯಾಮೆರಾದ ಬಾಯಿಗೂ ಅದರ ಬುಡಕ್ಕೂ ಸಂಬಂಧವಿರಲಿಲ್ಲ. ಒಂದು ಕಂಪನಿಯ ಕುಕ್ಕರಿಗೆ ಇನ್ನೊಂದು ಕಂಪನಿಯ ಮುಚ್ಚಳ ಕೂರುತ್ತದೆಯೇ? ಮೌಶಿ ಒತ್ತಿದಳು, ತಿರುವಿದಳು, ಕೊಬ್ಬರಿ ಎಣ್ಣೆ ಹಚ್ಚಲು ಹೊರಟಾಗ ನಾನು ಕೈ ಹಿಡಿದುಕೊಂಡೆ. ಎರಡನ್ನೂ ಕೂಡಿಸುವ ಉಂಗುರವೊಂದು ಹಾಂಗ್‌ಕಾಂಗಿನಲ್ಲಿ ಸಿಗುತ್ತದೆಂದು ಗೊತ್ತಾಯಿತು. ಅದನ್ನೂ ತರಿಸಿದೆವು. ಉಂಗುರ ಬಂದರೂ ಮದುವೆ ಕೂಡಿಬರಲಿಲ್ಲ. ಅದು ಮೂರನೆಯ ಯಾವುದೋ ಕ್ಯಾಮೆರಾಕ್ಕೆ ಹೊಂದುವ ಉಂಗುರ. ಜರ್ಮನಿಯ ಲೆನ್ಸು ಸುಮ್ಮನೆ ಬಿದ್ದಿದೆ ಎಂದುಕೊಳ್ಳಬೇಡಿ. ಕಾಕಾ ಅದನ್ನು ತಿರುವುಮುರುವು ಹಿಡಿದು ಪೇಪರಿನ ಸಣ್ಣ ಅಕ್ಷರ ಓದುತ್ತಾರೆ. ಇಡೀ ನೌಬಾದದಲ್ಲಿ ವಧು-ವರರ ಜಾಹೀರಾತನ್ನು ಅಷ್ಟು ಸ್ಪಷ್ಟವಾಗಿ ಓದುವವರು ಮತ್ತೊಬ್ಬರಿಲ್ಲ.

ಈ ಹೊತ್ತಿಗೆ ಮೆಹಕರದಿಂದ ನನ್ನ ತಾಯಿ ಫೋನ್ ಮಾಡಿ, ತಂಗಿಯ ತಲೆ ಸರಿಯಿದೆಯೋ ಇಲ್ಲವೋ ನೀನಾದರೂ ನೋಡು ಎಂದು ಗದರಿದರು. ನಾನೂ ಧೈರ್ಯ ಮಾಡಿ, ಇಷ್ಟೆಲ್ಲ ಒದ್ದಾಟ ಯಾಕೆ, ಯಾರಾದರೂ ಸ್ಟುಡಿಯೋದವನನ್ನು ಒಂದು ದಿನ ಕುಶನೂರಿಗೆ ಕರೆದುಕೊಂಡು ಹೋದರಾಗದೇ ಎಂದು ಕೇಳಿದೆ. ಮಾತು ಕೊಟ್ಟವಳು ನಾನೋ ಸ್ಟುಡಿಯೋದವನೋ ಎಂದು ಮೌಶಿ ತಿರುಗಿ ಕೇಳಿದಳು. 

ಮೂರನೆಯ ಸಲ ಸರಿಯಾದ ಲೆನ್ಸು ಸಿಕ್ಕಿತು. ಮತ್ತೆ ಜಪಾನ್, ಆದರೆ ಬೇರೆ ಅಂಗಡಿ, ಹಳೆಯ ಲೆನ್ಸುಗಳನ್ನು ಒರೆಸಿ ಮಾರುವ ಒಬ್ಬ ವಯಸ್ಸಾದ ಗೃಹಸ್ಥರದು. ಅವರು ಬಲು ಪ್ರಾಮಾಣಿಕರು. ಲೆನ್ಸಿನ ಒಳಗೆ ಅಂಚಿನಲ್ಲಿ ಸ್ವಲ್ಪ ಬೂಷ್ಟು ಇದೆ, ಫೋಟೊಕ್ಕೆ ತೊಂದರೆಯಿಲ್ಲ ಎಂದು ಮೊದಲೇ ಬರೆದಿದ್ದರು. ಸ್ವಲ್ಪ ಎಂದರೆ ಎಷ್ಟು? ಮೌಶಿ ಅನುವಾದದ ಆ್ಯಪಿನಲ್ಲಿ ಪ್ರಶ್ನೆ ಕಳಿಸಿದಳು: ರೊಟ್ಟಿಯ ಮೇಲೆ ಬರುವ ಬೂಷ್ಟೋ, ಉಪ್ಪಿನಕಾಯಿಯ ಮೇಲೆ ಬರುವ ಬೂಷ್ಟೋ? ರೊಟ್ಟಿಯದಾದರೆ ಎಸೆಯಬೇಕು, ಉಪ್ಪಿನಕಾಯಿಯದಾದರೆ ಮೇಲಿನದನ್ನು ತೆಗೆದು ತಿನ್ನಬಹುದು, ಆಕೆಯ ಲೆಕ್ಕ ಅಷ್ಟು ಸ್ಪಷ್ಟ. ಆ ಆ್ಯಪು ಅದನ್ನು ಜಪಾನಿಯಲ್ಲಿ ಏನೆಂದು ಹೇಳಿತೋ ಕಾಣೆ. ಎರಡು ದಿನದ ಮೇಲೆ ಉತ್ತರ ಬಂತು. ತಾನು ಆಹಾರ ಪದಾರ್ಥ ಮಾರುವುದಿಲ್ಲವೆಂದೂ, ಆದರೂ ಹಾಳಾದ ಊಟದಿಂದ ತೊಂದರೆಯಾಗಿದ್ದರೆ ಬೇಗ ಗುಣವಾಗಲೆಂದು ಹಾರೈಸುವೆನೆಂದೂ ಅವರು ಬರೆದಿದ್ದರು. ಇಷ್ಟು ಒಳ್ಳೆಯವರ ಹತ್ತಿರ ಬೂಷ್ಟು ಬಂದ ಲೆನ್ಸಾದರೂ ತೆಗೆದುಕೊಳ್ಳಬೇಕು ಎಂದು ಮೌಶಿ ತೀರ್ಮಾನಿಸಿದಳು. ಕಾಶೆಮ್ಮನ ಕತೆಯನ್ನೆಲ್ಲ ಬರೆದು, ಆರ್ಡರ್ ಹಾಕಿಸಿದಳು.

ಪಾರ್ಸಲ್ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡುವ ಕೆಲಸವನ್ನು ಕಾಕಾ ತಾವಾಗಿಯೇ ವಹಿಸಿಕೊಂಡರು. ಅವರಿಗೆ ಅದು ಪಾರ್ಸಲ್ಲಲ್ಲ, ಬಸ್ಸು. ಟೋಕಿಯೊ ಬಿಟ್ಟಿತು ಎಂದು ಬೆಳಿಗ್ಗೆ ಚಹಾದ ಹೊತ್ತಿಗೆ ಘೋಷಿಸಿದರು. ನಡುವೆ ಎಲ್ಲೂ ಸ್ಟಾಪಿಲ್ಲ, ನಾನ್‌ಸ್ಟಾಪ್ ಎಂದು ಮೆಚ್ಚಿಕೊಂಡರು. ಮುಂಬೈ ಬಂತು ಎಂದು ಮೂರನೆಯ ದಿನ ಹೇಳಿದರು. ನಾಲ್ಕನೆಯ ದಿನವೂ ಮುಂಬೈ. ಹತ್ತನೆಯ ದಿನವೂ ಮುಂಬೈ.

"ಗಾಡಿ ಡಿಪೋದಾಗೇ ನಿಂತದ," ಎಂದರು ಕಾಕಾ. "ಡ್ರೈವರ್ ಚಾ ಕುಡಿಲಕ ಹೋಗ್ಯಾನೋ, ಏನ ಟಾಯರ್ ಹೋಗ್ಯಾದೋ."

ಟಾಯರ್ ಹೋದದ್ದು ನನ್ನಿಂದ. ಕಸ್ಟಮ್ಸಿನವರು ಹೊರದೇಶದ ಸಾಮಾನಿಗೆ ಗುರುತಿನ ಚೀಟಿ ಕೇಳುತ್ತಾರೆ. ಮೌಶಿ ತನ್ನ ಆಧಾರ್ ಕಳಿಸಿದ್ದಳು. ಸಾಮಾನು ಯಾವ ಉದ್ದೇಶಕ್ಕೆ ಎಂಬ ಖಾನೆಯಲ್ಲಿ 'ಕಾಶೆಮ್ಮನ ಮುಖಕ್ಕೆ' ಎಂದು ಬರೆಸಿದ್ದಳು. ಆಶ್ಚರ್ಯವೆಂದರೆ ಅದಕ್ಕೆ ಅವರ ತಕರಾರಿರಲಿಲ್ಲ. ತಕರಾರು ಹೆಸರಿನದು. ಆಧಾರಿನಲ್ಲಿ ಮೌಶಿಯ ಪೂರ್ತಿ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಲ್ಲ ಇತ್ತು. ಪಾರ್ಸಲ್ಲಿನ ಮೇಲೆ ಇದ್ದದ್ದು 'ಮೌಶಿ, ನೌಬಾದ' ಎಂದಷ್ಟೇ. ಮೊದಲ ದಿನ ಖಾತೆ ತೆರೆಯುವಾಗ ನನ್ನ ಕೈ ಅಭ್ಯಾಸಬಲದಿಂದ ಹಾಗೆ ಬರೆದುಬಿಟ್ಟಿತ್ತು. ಹಿಂದಿನ ಪಾರ್ಸಲ್ಲುಗಳು ಹೇಗೋ ನುಸುಳಿ ಬಂದಿದ್ದವು, ಈ ಸಲ ಯಾರೋ ಕಣ್ಣು ಬಿಟ್ಟು ನೋಡಿದ್ದರು. ಸಂಗತಿ ತಿಳಿದಾಗ ಮೌಶಿ ನನ್ನನ್ನು ಬೈಯಲೂ ಇಲ್ಲ. ನಾನು ಜಪಾನಿನವರಿಗೂ ಮೌಶಿಯೇನೋ ಎಂದಷ್ಟೇ ಕೇಳಿದಳು.

ಅದೇ ವಾರ ಕಾಶೆಮ್ಮನಿಗೆ ಉಸಿರಾಟದ ತೊಂದರೆಯಾಗಿ ಬೀದರಿನ ಆಸ್ಪತ್ರೆಗೆ ತಂದು ಸೇರಿಸಿದರು. ಮೌಶಿ ದಿನಾ ಬೆಳಿಗ್ಗೆ ಜೋಳದ ಗಂಜಿ ತೆಗೆದುಕೊಂಡು ಹೋಗುತ್ತಿದ್ದಳು. ಒಂದು ಭಾನುವಾರ ನಾನೂ ಹೋದೆ. ಕಾಶೆಮ್ಮ ತೀರ ಇಳಿದುಹೋಗಿದ್ದಳು. ಮಾತನಾಡಲು ಏದುಸಿರು ಬರುತ್ತಿದ್ದರೂ, ನರ್ಸಬಾಯಿ, ನಿಮ್ಮ ಜಪಾನ್ ಎಲ್ಲಿಗೆ ಬಂತು ಎಂದು ವಿಚಾರಿಸಿದಳು. ಮುಂಬೈಯಲ್ಲಿದೆ ಎಂದರೆ, ಅಲ್ಲಿ ನಮ್ಮ ಅಳಿಯ ಇದ್ದಾನೆ, ಬೇಕಾದರೆ ಹೋಗಿ ತರುತ್ತಾನೆ ಎಂದು ಸಮಾಧಾನ ಹೇಳಿದಳು. ಹೊರಗೆ ಬಂದ ಮೇಲೆ ನಾನು ಮೆಲ್ಲಗೆ, ಏನಾಗುತ್ತದೋ ಹೇಳಲಾಗದು, ಈಗಲೇ ಮೊಬೈಲಿನಲ್ಲಾದರೂ ಒಂದು ತೆಗೆದಿಟ್ಟುಕೊಳ್ಳೋಣ ಎಂದೆ. ಮೌಶಿ ಮೆಟ್ಟಿಲ ಮೇಲೆ ನಿಂತಳು.

"ಆಸ್ಪತ್ರಿ ಪಲಂಗದ ಮ್ಯಾಲಿನ ಮುಖ ಆಕಿ ಮುಖ ಅಲ್ಲ. ಅದನ್ನ ನಾ ಹ್ಯಾಂಗ ಆಕಿಗಿ ಕೊಡ್ಲಿ? ನೀ ಪಾರ್ಸಲ್ ಬಿಡಿಸು, ಅಷ್ಟ ಮಾಡು."

ಆಕೆ ಹಾಗೆ ಮೆತ್ತಗೆ ಮಾತನಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮರುದಿನವೇ ರಜೆ ಹಾಕಿದೆ. ಇಬ್ಬರೂ ಕೋರ್ಟಿನ ಮುಂದೆ ಕೂರುವ ನೋಟರಿಯವರ ಬಳಿ ಹೋದೆವು. ಈ ಹೆಸರಿನವಳೂ 'ಮೌಶಿ' ಎಂಬವಳೂ ಒಬ್ಬಳೇ ಎಂದು ಪ್ರಮಾಣಪತ್ರ ಬೇಕು ಎಂದಾಗ ಆತ ಬರೆಯುವುದನ್ನು ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿದರು. ಹೆಸರಿನಲ್ಲಿ ಒಂದಕ್ಷರ ಆಚೀಚೆಯಾದವರು ದಿನಾ ಬರುತ್ತಾರೆ, ಸಂಬಂಧವನ್ನೇ ಹೆಸರೆನ್ನುವವರು ಇದೇ ಮೊದಲು ಅಂದರು. ಯಾರ ಮೌಶಿ ಎಂದು ಕೇಳಿದರು. ನನ್ನ ಮೌಶಿ ಎಂದೆ. ಹಾಗಾದರೆ ನೀವು ಸಾಕ್ಷಿ ಎಂದು ನನ್ನ ಸಹಿಯನ್ನೂ ಹಾಕಿಸಿಕೊಂಡರು. ನೋಡಿ, ಹುಟ್ಟಿ ಇಷ್ಟು ವರ್ಷವಾದ ಮೇಲೆ ನಮ್ಮ ಮೌಶಿ ನನಗೆ ಕಾನೂನುಬದ್ಧವಾಗಿ ಮೌಶಿಯಾದಳು!

ಕಾಗದ ಮುಂಬೈಗೆ ಹೋದ ಆರನೆಯ ದಿನ ಕಾಕಾ ನನ್ನ ಸಾಲೆಗೇ ಫೋನ್ ಮಾಡಿದರು. ನಾನು ಪಾಠ ನಿಲ್ಲಿಸಿ ಓಡಿ ಬಂದರೆ ಅವರು ಹೇಳಿದ್ದು ಎರಡೇ ಮಾತು, ಗಾಡಿ ಬಿಟ್ಟಿದೆ. ನನಗೆ ಅಷ್ಟು ಸಾಕಾಗಿತ್ತು. ಅಷ್ಟರಲ್ಲಿ ಕಾಶೆಮ್ಮನೂ ಸ್ವಲ್ಪ ಚೇತರಿಸಿಕೊಂಡು, ಆಸ್ಪತ್ರೆಯ ಗಾಳಿ ಕುರಿಗಳ ಗಾಳಿಯಷ್ಟು ಚೆನ್ನಾಗಿಲ್ಲವೆಂದು ಹಟ ಮಾಡಿ ಊರಿಗೆ ಹೋಗಿದ್ದಳು.

ಲೆನ್ಸಿನ ಡಬ್ಬಿಯನ್ನು ಪೋಸ್ಟಮನ್ ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ಒಳಗೆ ಲೆನ್ಸು, ಮುಚ್ಚಳ ಸಮೇತ. ಜೊತೆಗೆ ಕಾಗದ ಮಡಚಿ ಮಾಡಿದ ಪುಟ್ಟ ಕೊಕ್ಕರೆ, ಒಂದು ಚೀಟಿ. ಆ್ಯಪಿನಲ್ಲಿ ಹಿಡಿದು ಓದಿದೆವು. ಬೂಷ್ಟನ್ನು ಸಾಧ್ಯವಾದಷ್ಟು ಒರೆಸಿದ್ದೇನೆ, ಕುರಿ ಕಾಯುವ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿರಿ ಎಂದಿತ್ತು. ಮೌಶಿ ಲೆನ್ಸನ್ನು ಕ್ಯಾಮೆರಾಕ್ಕೆ ಹಚ್ಚಿ ತಿರುವಿದಳು. ಟಕ್ ಎಂದು ಕೂತಿತು. 

ಮರುದಿನವೇ ಠಾಣಾ ಕುಶನೂರಿನ ಬಸ್ಸು ಹತ್ತಿದೆವು. ಕಾಕಾ ಕಂಡಕ್ಟರನ ಪಕ್ಕ ಕೂತು ದಾರಿಯುದ್ದಕ್ಕೂ ಅವನಿಗೆ ಚಿಲ್ಲರೆ ಕೊಡುವ ಪದ್ಧತಿ ಕಲಿಸಿದರು. ಕಾಶೆಮ್ಮ ಹೊಸ್ತಿಲ ಹೊರಗೆ ತೊಗರಿ ಕಟ್ಟಿಗೆಯ ಹೊರೆಗೆ ಒರಗಿ ಕೂತಿದ್ದಳು. ಎದುರಿಗೆ ಕುರಿಗಳು. ಜಪಾನಿನ ನಮಸ್ಕಾರ ತಲುಪಿಸಿದೆವು, ಆಕೆ ಕೈ ಎತ್ತಿ ಸ್ವೀಕರಿಸಿದಳು. ಮೌಶಿ ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ಸರಿಯತೊಡಗಿದಳು. ಲೆನ್ಸಿನ ಗುಣವೇ ಹಾಗೆ, ಎದುರಿನವರಿಂದ ದೂರ ಹೋಗಬೇಕು. ಇದು ಗೊತ್ತಿಲ್ಲದ ಕಾಶೆಮ್ಮನಿಗೆ ವಿಚಿತ್ರವೆನಿಸಿತು. ಯಾಕೆ ಹಿಂದೆ ಸರಿಯುತ್ತೀರಿ ನರ್ಸಬಾಯಿ, ನನ್ನ ಮೈಯಿಂದ ಕುರಿ ವಾಸನೆ ಬರುತ್ತಿದೆಯೇನು ಎಂದು ಕೇಳಿ, ತನ್ನ ಮಾತಿಗೆ ತಾನೇ ನಕ್ಕಳು. ನಕ್ಕು ಮುಗಿದು, ಮುಖ ತನ್ನ ಜಾಗಕ್ಕೆ ಮರಳುವ ಆ ಒಂದು ಗಳಿಗೆಯಲ್ಲಿ ಮೌಶಿ ಬಟನ್ ಒತ್ತಿದಳು.

ಬೀದರಿನಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಮುಂದಿನ ಭಾನುವಾರ ಮತ್ತೆ ಹೋದೆವು. ನಾನು ಫೋಟೊದ ಪಂಡಿತನಲ್ಲ, ಆದರೂ ಹೇಳುತ್ತೇನೆ, ಅಂಥ ಫೋಟೊವನ್ನು ನಾನು ಕಂಡಿಲ್ಲ. ಒಂದೊಂದು ನೆರಿಗೆಯೂ ಇತ್ತು, ಯಾವ ನೆರಿಗೆಯೂ ಕೆಟ್ಟದಾಗಿರಲಿಲ್ಲ. ಮೂಗು ಮೂಗಿನಷ್ಟೇ ಇತ್ತು.

ಕಾಶೆಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು.  ಈ ಸಲ ಏನು ತಪ್ಪು ಹುಡುಕುತ್ತಾಳೋ ಎಂದು ನಾವು ಕಾಯುತ್ತ ನಿಂತಿದ್ದೆವು. ಆಕೆ ಫೋಟೊದ ಕೆನ್ನೆಯ ಮೇಲೆ ಒಂದು ಬೆರಳಿಟ್ಟಳು.

"ಈಕಿ ನಮ್ಮವ್ವ," ಎಂದಳು. "ಈಕಿ ಎಲ್ಲಿ ಸಿಕ್ಕಳ್ರಿ ನಿಮಗ?"

ಯಾರಿಗೂ ತಕ್ಷಣ ತಿಳಿಯಲಿಲ್ಲ. ಆಕೆಯ ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆಕೆಯದೊಂದು ಚಿತ್ರವೂ ಎಲ್ಲೂ ಇರಲಿಲ್ಲ. ಹೋಗುವಾಗ ತಾಯಿಗೆ ಇದ್ದ ವಯಸ್ಸು ಈಗ ಮಗಳಿಗೆ ಬಂದಿತ್ತು.

"ಆಕಿ ಮುಖ ನಂಗ ಮರ್ತೇ ಹೋಗಿತ್ತರಿ," ಎಂದಳು ಕಾಶೆಮ್ಮ. "ಎಷ್ಟ ನೆನಸ್ಕೊಂಡ್ರೂ ಬರ್ತಿದ್ದಿಲ್ಲ."

ಅದು ನೀನೇ, ಸರಿಯಾಗಿ ನೋಡು ಎಂದು ಮೌಶಿ ಹೇಳುತ್ತಾಳೆಂದುಕೊಂಡೆ. ಹೇಳಲಿಲ್ಲ. ಪಕ್ಕದಲ್ಲಿ ಕೂತು, ನಿಮ್ಮವ್ವನ ಹೆಸರೇನಿತ್ತು ಎಂದು ಕೇಳಿದಳು. ಮಾಳಮ್ಮ ಎಂದಳು ಕಾಶೆಮ್ಮ. ಮೌಶಿ ನನ್ನ ಜೇಬಿನ ಪೆನ್ನು ತೆಗೆದುಕೊಂಡು, ಫೋಟೊ ತಿರುಗಿಸಿ, ಹಿಂದಿನ ರಟ್ಟಿನ ಮೇಲೆ ದುಂಡಗೆ ಆ ಹೆಸರನ್ನು ಬರೆದಳು. ಕಾಶೆಮ್ಮನ ಮಗ ಒಳಗಿನ ಗೋಡೆಗೆ ಮೊಳೆ ಹೊಡೆದು ಅದನ್ನು ತೂಗುಹಾಕಿದ.

ಕಾಶೆಮ್ಮ ಅದರ ಮುಂದೆ ಒಂದು ಗಳಿಗೆ ನಿಂತು, ಕೈಮುಗಿದು, ಹೊರಗೆ ಬಂದಳು. ಬಂದವಳು ಸೆರಗಿನಿಂದ ಮುಖ ಒರೆಸಿಕೊಂಡು, ತೊಗರಿ ಕಟ್ಟಿಗೆಯ ಹೊರೆಗೆ ಒರಗಿ ನೆಟ್ಟಗೆ ಕೂತಳು.

"ಅವ್ವಂದು ಆತು. ಇನ್ನ ನಂದು ತೆಗೀರಿ."

ಮೌಶಿ ಕ್ಯಾಮೆರಾ ಎತ್ತಿಕೊಂಡಳು. ಅವತ್ತು ಆಕೆ ಒಂದರ ಹಿಂದೊಂದು ಎಷ್ಟೋ ಫೋಟೊ ತೆಗೆದಳು. ಅದರಲ್ಲಿ ಒಂದೂ ನೆಟ್ಟಗೆ ಬಂದಿಲ್ಲ, ಎಲ್ಲವೂ ಅಲುಗಿವೆ.